ರೀಬಿಲ್ಡ್ ಆಗಿದೆ ಅಂತ ಮಾರುವ ಅಟಾಮಿಕ್ ಫೋರ್: ಬಣ್ಣ ಕೆರೆದು ನೋಡದೆ ದುಡ್ಡು ಕೊಡಬೇಡಿ

"ಯೂನಿವರ್ಸಲ್ ಅಟಾಮಿಕ್ ಫೋರ್, ಸಂಪೂರ್ಣ ರೀಬಿಲ್ಡ್, 30 ಥೌ ಓವರ್‌ಸೈಜ್ ಬೋರ್, ಹೊಸ ಪಿಸ್ಟನ್, ಹೊಸ ರಿಂಗ್. ದೋಣಿಗೆ ಕೂರಿಸಿ, ಓಡಿಸಿ." ನನಗೆ ಈ ದೋಣಿ ಎಂಜಿನ್ ಮಾರಿದವನ ಜಾಹೀರಾತಿನಲ್ಲಿ ಇದ್ದ ಮಾತು ಇದು. ಬೋರ್ ಅಂದರೆ ಸಿಲಿಂಡರಿನ ಒಳವ್ಯಾಸ, ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ; ಸವೆದ ಸಿಲಿಂಡರನ್ನು ಅಷ್ಟು ಕೊರೆದು ದೊಡ್ಡದು ಮಾಡಿಸಿದ್ದೇನೆ ಅಂತ ಅವನ ಮಾತು. ಬಂದಿಳಿದ ಎಂಜಿನ್‌ನಲ್ಲಿ ಇದರಲ್ಲಿ ಒಂದೂ ನಿಜವಲ್ಲ. ಒಂದೂ!

1947ರಿಂದ 1980ರ ದಶಕದವರೆಗೆ ತಯಾರಾದ ಈ ನಾಲ್ಕು ಸಿಲಿಂಡರಿನ ಎಂಜಿನ್ ಹಾಯಿದೋಣಿಗಳಲ್ಲಿ ಎಷ್ಟು ಇತ್ತು ಅಂತ ಗೊತ್ತಿರುವವರಿಗೆ ಇದರ ಕಾಯಿಲೆಯೂ ಗೊತ್ತು. ಬಹುಪಾಲು ದೋಣಿಗಳಲ್ಲಿ ಎಂಜಿನ್ ತಣ್ಣಗಿಡಲು ಸಮುದ್ರದ ನೀರೇ ನೇರವಾಗಿ ಬ್ಲಾಕ್ (ಎಂಜಿನ್‌ನ ಎರಕದ ಕಬ್ಬಿಣದ ಒಡಲು) ಒಳಗೆ ಓಡಾಡುತ್ತದೆ. ಚಳಿಗಾಲಕ್ಕೆ ಮುಂಚೆ ಆ ನೀರನ್ನು ಬಸಿಯದೆ ಬಿಟ್ಟರೆ ಹೆಪ್ಪುಗಟ್ಟಿ ವಾಟರ್ ಜಾಕೆಟ್, ಅಂದರೆ ಸಿಲಿಂಡರುಗಳ ಸುತ್ತ ನೀರು ಹರಿಯುವ ಪೊಳ್ಳಿನ ಗೋಡೆ, ಸೀಳುತ್ತದೆ. ಹಾಗೆ ಸೀಳಿದ ಬ್ಲಾಕಿಗೆ ಎಪಾಕ್ಸಿ (ಗಟ್ಟಿಯಾಗುವ ಅಂಟು ಪುಟ್ಟಿ) ಮೆತ್ತಿ, ಉಜ್ಜಿ, ಮೇಲೆ ದಪ್ಪಗೆ ಬಣ್ಣ ಹೊಡೆದು ಮಾರಿದ್ದಾನೆ ಈ ಮನುಷ್ಯ.

ಗೊತ್ತಾಗಿದ್ದು ಹೇಗೆ? ಸೈಡ್ ಕವರ್‌ನ ಬೋಲ್ಟ್ ಸುತ್ತ ವೈರ್ ಬ್ರಷ್ ಆಡಿಸಿದಾಗ. ಎರಕದ ಕಬ್ಬಿಣದ ಮೇಲಿನ ಬಣ್ಣ ಪುಡಿಪುಡಿಯಾಗಿ ಉದುರಬೇಕು. ಇಲ್ಲಿ ಚರ್ಮ ಸುಲಿದ ಹಾಗೆ ಹಾಳೆಯಾಗಿ ಎದ್ದು ಬಂತು. ಕೆಳಗೆ ಬೂದು ಬಣ್ಣದ ಪುಟ್ಟಿ, ಅದರ ಮೇಲೆ ಸ್ಯಾಂಡ್‌ಪೇಪರಿನ ಗೀರುಗಳು ಹಾಗೇ ಇವೆ. ಹೀಟ್ ಗನ್ ಹಿಡಿದರೆ ಪುಟ್ಟಿ ಮೆತ್ತಗಾಯಿತು. ಚಾಕುವಿನ ತುದಿಯಲ್ಲಿ ಎಬ್ಬಿಸಿದರೆ ಅಡಿಯಲ್ಲಿ ಬಿರುಕು, ಅದರ ಎರಡೂ ಅಂಚಿಗೆ ಕಂದು ತುಕ್ಕು. ಆ ಕ್ಷಣಕ್ಕೆ ಹೊಟ್ಟೆ ಉರಿದುಹೋಯಿತು. ಇದು ತಿಳಿಯದೆ ಆದದ್ದಲ್ಲ. ಒಬ್ಬ ಕೂತು, ತಾಳ್ಮೆಯಿಂದ, ಯಾರಿಗೂ ಕಾಣಬಾರದು ಅಂತಲೇ ಮಾಡಿದ ಕೆಲಸ.

ಮಾರುವ ಮೊದಲು ಕಳಿಸಿದ್ದ ವೀಡಿಯೊದಲ್ಲಿ ಎಂಜಿನ್ ಚೆನ್ನಾಗಿಯೇ ಓಡುತ್ತದೆ. ಅದರಲ್ಲಿ ನೀರಿನ ಹೋಸ್ ಎಲ್ಲಿದೆ? ಇಲ್ಲ! ಬೆಂಚಿನ ಮೇಲೆ ಒಣಗಿದ ಬ್ಲಾಕನ್ನು ಒಂದು ನಿಮಿಷ ಓಡಿಸಿದರೆ ಯಾವ ಬಿರುಕೂ ಸೋರುವುದಿಲ್ಲ, ತೂತು ಬಿದ್ದ ಎಕ್ಸಾಸ್ಟ್ ಮ್ಯಾನಿಫೋಲ್ಡೂ ಸೋರುವುದಿಲ್ಲ. ಸೋರಲು ನೀರೇ ಇಲ್ಲವಲ್ಲ.

ಇನ್ನು ಅವನ ಉತ್ತರಗಳು. ಮೊದಲು: "ನಿಮ್ಮಲ್ಲೇ ನೀರು ಹೆಪ್ಪುಗಟ್ಟಿ ಒಡೆದಿರಬೇಕು." ಇಲ್ಲಿಗೆ ಬಂದ ಮೇಲೆ ಒಂದು ಹನಿ ನೀರೂ ಹಾಕದ ಎಂಜಿನ್, ಸ್ವಾಮಿ! ಪುಟ್ಟಿಯ ಅಡಿಯಲ್ಲಿ ಹಳೇ ತುಕ್ಕು ಇದೆ, ಫೋಟೊ ನೋಡಿ ಅಂದರೆ: "ಹಳೇ ಎಂಜಿನ್ ಅಂದಮೇಲೆ ಇದೆಲ್ಲ ಇದ್ದದ್ದೇ." ಬೋರ್ ಮಾಡಿಸಿದ ಮೆಷಿನ್ ಶಾಪಿನ ಬಿಲ್ ಕಳಿಸಿ ಅಂದರೆ: "ಪಾಯಿಂಟ್ಸ್, ಪ್ಲಗ್, ಕಾರ್ಬ್ಯುರೇಟರ್ ಕಿಟ್ ಎಲ್ಲ ಹೊಸದು ಹಾಕಿದೀನಲ್ಲ, ಅದೇ ರೀಬಿಲ್ಡ್." ಆಮೇಲೆ ಮೌನ.

ಹೆಡ್ ಬಿಚ್ಚಿ ಅಳೆದರೆ ಬೋರ್ 2.5625 ಇಂಚು. ಅಂದರೆ ಕಾರ್ಖಾನೆಯ ಸ್ಟ್ಯಾಂಡರ್ಡ್ ಅಳತೆಯೇ. 30 ಥೌ ತೆಗೆದಿದ್ದರೆ 2.5925 ಇರಬೇಕಿತ್ತು. ಸಿಲಿಂಡರ್ ಮೇಲ್ತುದಿಯಲ್ಲಿ ಉಗುರಿಗೆ ಸಿಗುವಷ್ಟು ಸವೆತದ ಮೆಟ್ಟಿಲು ಹಾಗೇ ಇದೆ. ಬೋರ್ ಮಾಡಿದ ಸಿಲಿಂಡರಿನಲ್ಲಿ ಆ ಮೆಟ್ಟಿಲು ಉಳಿಯುವುದೇ ಇಲ್ಲ. ಹಾಗಾದರೆ ಅವನು ಬರೆದು ಕಳಿಸಿದ್ದ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಅಂಕಿಗಳು? ಪ್ಲಗ್ ತೂತಿನಲ್ಲಿ ಒಂದಿಷ್ಟು ಆಯಿಲ್ ಬಿಟ್ಟು ಗೇಜ್ ಹಾಕಿದರೆ ಸವೆದ ರಿಂಗೂ ಒಳ್ಳೆಯ ಅಂಕಿ ಕೊಡುತ್ತದೆ. ಮೊದಲು ಒಣ ಅಳತೆ, ನಂತರ ಆಯಿಲ್ ಬಿಟ್ಟು ಇನ್ನೊಂದು ಅಳತೆ, ಎರಡನ್ನೂ ಕೇಳಿ.

ಎಲ್ಲಕ್ಕಿಂತ ಸಿಟ್ಟು ಬಂದದ್ದು ಆಲ್ಟರ್ನೇಟರ್ ನೋಡಿ. ಕಾರಿನದು! ಇದು ಪೆಟ್ರೋಲ್ ಎಂಜಿನ್, ಇರುವುದು ಮುಚ್ಚಿದ ದೋಣಿಯ ತಳದಲ್ಲಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಅಲ್ಲೇ ಕೆಳಗೆ ನಿಲ್ಲುತ್ತದೆ. ಒಳಗಿನ ಕಿಡಿ ಹೊರಗಿನ ಆವಿಗೆ ತಾಗದಂತೆ ಮಾಡಿದ, ಇಗ್ನಿಷನ್ ಪ್ರೊಟೆಕ್ಟೆಡ್ ಆಲ್ಟರ್ನೇಟರ್, ಸ್ಟಾರ್ಟರ್ ಮಾತ್ರ ಅಲ್ಲಿ ಇರಬೇಕು. ಕಾರ್ಬ್ಯುರೇಟರಿಗೆ ಫ್ಲೇಮ್ ಅರೆಸ್ಟರ್ ಕೂಡ ಇರಲಿಲ್ಲ; ಎಂಜಿನ್ ಬ್ಯಾಕ್‌ಫೈರ್ ಆಗಿ ಕಾರ್ಬ್ಯುರೇಟರಿನಿಂದ ಹಿಂದಕ್ಕೆ ಉಗುಳುವ ಬೆಂಕಿಯನ್ನು ತಡೆಯುವುದು ಅದೇ. ಅಮೆರಿಕದಲ್ಲಿ 1940ರ ಏಪ್ರಿಲ್ 25ರ ನಂತರ ದೋಣಿಯೊಳಗೆ ಕೂರಿಸಿದ ಪೆಟ್ರೋಲ್ ಎಂಜಿನ್‌ಗಳಿಗೆ ಬ್ಯಾಕ್‌ಫೈರ್ ಬೆಂಕಿ ತಡೆಯುವ ಸಾಧನ ಕಾನೂನುಪ್ರಕಾರ ಕಡ್ಡಾಯ. "ಕೂರಿಸಿ, ಓಡಿಸಿ" ಅಂದನಲ್ಲ, ಹಾಗೇ ಓಡಿಸಿದ್ದರೆ ದೋಣಿ ಸಮೇತ ಹೋಗಬೇಕಿತ್ತು.

ಕೊಳ್ಳುವವರು ಇಷ್ಟಾದರೂ ಮಾಡಿ. ಹೊಸ ಬಣ್ಣ ಮಿಂಚುತ್ತಿದ್ದರೆ ಅಲ್ಲೇ ಅನುಮಾನಪಡಿ. ವಾಟರ್ ಜಾಕೆಟ್ ಬದಿಯನ್ನು ಕೆರೆಯಲು ಒಪ್ಪದವನ ಹತ್ತಿರ ವ್ಯವಹಾರವೇ ಬೇಡ. ಬ್ಲಾಕ್, ಮ್ಯಾನಿಫೋಲ್ಡ್ ಎರಡರ ನೀರಿನ ದಾರಿಯನ್ನೂ ಮುಚ್ಚಿ 15 ಪಿಎಸ್‌ಐ ಗಾಳಿ ತುಂಬಿ ಸೋಪಿನ ನೀರು ಹಚ್ಚಿಸಿ, ಗುಳ್ಳೆ ಎದ್ದರೆ ಅಲ್ಲಿಗೆ ಮುಗಿಯಿತು. ಡಿಪ್‌ಸ್ಟಿಕ್ ಎಳೆದು ನೋಡಿ, ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಇದರ ರಿವರ್ಸ್ ಗೇರಿಗೂ ಅದೇ ಆಯಿಲ್, ಆದ್ದರಿಂದ ಹಾಳಾಗಿರುವುದು ಎಂಜಿನ್ ಒಂದೇ ಅಲ್ಲ. ವೀಡಿಯೊ ಕೇಳಿದರೆ ಪಂಪಿಗೆ ನೀರು ಕೊಟ್ಟು, ಎಕ್ಸಾಸ್ಟಿನಿಂದ ನೀರು ಬರುವುದು ಕಾಣುವ ಹಾಗೆ, ಎಂಜಿನ್ ಪೂರ್ತಿ ಬಿಸಿಯಾಗುವವರೆಗೆ ಓಡಿಸಿದ್ದನ್ನೇ ಕೇಳಿ. ಬಿಲ್ ಇಲ್ಲದ ರೀಬಿಲ್ಡನ್ನು ನಂಬಲೇಬೇಡಿ.

ಬಿರುಕು ಬಿಟ್ಟ ಬ್ಲಾಕನ್ನು ಮೆಟಲ್ ಸ್ಟಿಚಿಂಗ್ (ಬೆಸುಗೆ ಇಲ್ಲದೆ ಲೋಹದ ತುಂಡುಗಳಿಂದ ಬಿರುಕು ಹೊಲಿಯುವುದು) ಮಾಡಿಸಿ ಉಳಿಸಬಹುದು, ಅದು ಬಿರುಕು ಎಲ್ಲಿಯವರೆಗೆ ಹೋಗಿದೆ ಅನ್ನುವುದರ ಮೇಲಿದೆ. ಹೊರಗೋಡೆಯಲ್ಲಿ ಮಾತ್ರ ಇದ್ದರೆ ಆಸೆ ಇದೆ. ಸಿಲಿಂಡರ್ ಗೋಡೆಗೋ ವಾಲ್ವ್ ಸೀಟಿಗೋ ಹೋಗಿದ್ದರೆ ಇನ್ನೊಂದು ಬ್ಲಾಕ್ ಹುಡುಕುವುದೇ ಸರಿ.