ಹಳೆಯ ಡೀಸೆಲ್ ರ‍್ಯಾಮ್‌ಗೆ ಟ್ರಿಪಲ್ ಡಿಸ್ಕ್ ಕನ್ವರ್ಟರ್: ಕೊಟ್ಟ ದುಡ್ಡಿಗೆ ಮೋಸವಿಲ್ಲ

ಕೊಲರಾಡೋದ ಐ-70 ಹೆದ್ದಾರಿಯಲ್ಲಿ, 11,158 ಅಡಿ ಎತ್ತರದ ಐಸೆನ್‌ಹೋವರ್ ಸುರಂಗದವರೆಗೆ ಟ್ರೇಲರ್ ಎಳೆದುಕೊಂಡು ಹತ್ತಿಸಿದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ನಿಜವಾದ ತಾಕತ್ತು ಗೊತ್ತಾಗುತ್ತದೆ. ನನ್ನದು 2001ರ ಡಾಡ್ಜ್ ರ‍್ಯಾಮ್ 2500 ಪಿಕಪ್ ಟ್ರಕ್. 5.9 ಲೀಟರ್ ಕಮಿನ್ಸ್ ಎಂಜಿನ್, ನಾಲ್ಕು ಸ್ಪೀಡಿನ 47ಆರ್‌ಇ ಗೇರ್‌ಬಾಕ್ಸ್. ಹಿಂದಿನ ಮಾಲೀಕ ಪವರ್ ಹೆಚ್ಚಿಸಲು ಚಿಪ್ ಹಾಕಿಸಿದ್ದ, ಎಂಜಿನ್ನಿನ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಮಾತ್ರ ಹಳೆಯದನ್ನೇ ಉಳಿಸಿಕೊಂಡಿದ್ದ. ಅದರೊಳಗಿನ, ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿ ಬೆಸೆಯುವ ಲಾಕಪ್ ಕ್ಲಚ್‌ಗೆ ಇರುವುದು ಒಂದೇ ಡಿಸ್ಕು. ಕಾರ್ಖಾನೆಯ 460 ಪೌಂಡ್-ಅಡಿ ಟಾರ್ಕಿಗೆ (ತಿರುಗಿಸುವ ಬಲ) ಎಂದು ಮಾಡಿದ್ದು, ಅದಕ್ಕಿಂತ ಎಷ್ಟೋ ಹೆಚ್ಚು ಹೊರಿಸಿದರೆ ಜಾರದೆ ಇರುತ್ತದೆಯೇ?

ಓವರ್‌ಡ್ರೈವ್‌ನಲ್ಲಿ (ಎಲ್ಲಕ್ಕಿಂತ ಮೇಲಿನ ಗೇರು) ಸಣ್ಣ ಏರು ಬಂದರೂ ಸಾಲು ಹಂಪಿನ ಮೇಲೆ ಹೋದಂತೆ ಗಾಡಿ ನಡುಗುತ್ತಿತ್ತು. ಆರ್‌ಪಿಎಂ ಏರುತ್ತದೆ, ವೇಗ ಏರುವುದಿಲ್ಲ, ಗೇರ್‌ಬಾಕ್ಸ್ ಆಯಿಲ್ ಬಿಸಿಯಾಗುತ್ತದೆ.

ಇಷ್ಟಕ್ಕೇ ಕನ್ವರ್ಟರ್ ಕೊಳ್ಳಲು ಓಡಬೇಡಿ. ನಡುಕ ಬಂದಾಗ ಎಡಗಾಲಿನಲ್ಲಿ ಬ್ರೇಕ್ ಪೆಡಲ್ ಸ್ವಲ್ಪವೇ ಮುಟ್ಟಿ, ಲಾಕಪ್ ಬಿಡುತ್ತದೆ. ಆ ಕ್ಷಣಕ್ಕೆ ನಡುಕವೂ ನಿಂತರೆ ಲಾಕಪ್ ಕ್ಲಚ್ಚಿನ ಮೇಲೇ ಅನುಮಾನ. ಇನ್ನೊಂದು ತೊಂದರೆ ಇದೆ, ಎಷ್ಟೋ ಜನರ ಜೇಬು ಖಾಲಿ ಮಾಡುವಂಥದ್ದು: 45 ಮೈಲಿ ವೇಗದ ಆಸುಪಾಸಿನಲ್ಲಿ ಲಾಕಪ್ ಹಿಡಿಯುವುದು, ಬಿಡುವುದು, ಮತ್ತೆ ಹಿಡಿಯುವುದು. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಡಯೋಡ್ ಕೆಟ್ಟು ವೈರಿಂಗ್‌ಗೆ ಎಸಿ ಕರೆಂಟ್ (ದಿಕ್ಕು ಬದಲಿಸುತ್ತಿರುವ ಕರೆಂಟ್) ಸೋರಿದರೂ ಹೀಗಾಗುತ್ತದೆ. ಎಂಜಿನ್ ಚಾಲೂ ಇಟ್ಟು ಬ್ಯಾಟರಿಗೆ ಮೀಟರ್ ಹಿಡಿದು ಎಸಿ ವೋಲ್ಟ್ ನೋಡಿ. 0.1 ದಾಟಿದರೆ ಮೊದಲು ಆಲ್ಟರ್ನೇಟರ್ ರಿಪೇರಿ ಮಾಡಿಸಿ. ನನ್ನದರಲ್ಲಿ ಅದು ಸರಿಯಾಗೇ ಇತ್ತು. ಗೇರ್‌ಬಾಕ್ಸಿನ ಆಯಿಲ್ ಪ್ಯಾನ್ ಇಳಿಸಿದಾಗ ತಳದಲ್ಲಿ ಕಪ್ಪು ಕ್ಲಚ್ ಪುಡಿ ಸಿಕ್ಕಿತು.

ಹಾಕಿಸಿದ್ದು ಮೂರು ಡಿಸ್ಕಿನ, ಕಡಿಮೆ ಸ್ಟಾಲಿನ ಕನ್ವರ್ಟರ್. ಸ್ಟಾಲ್ ಎಂದರೆ ಗಾಡಿ ನಿಂತಿರುವಾಗ ಕನ್ವರ್ಟರ್ ಎಂಜಿನ್ನನ್ನು ಎಷ್ಟು ಆರ್‌ಪಿಎಂವರೆಗೆ ಏರಲು ಬಿಡುತ್ತದೆ ಎನ್ನುವುದು. ಈ ಡೀಸೆಲ್ ಎಂಜಿನ್ನಿನ ಬಲ ಇರುವುದು 1,600 ಆರ್‌ಪಿಎಂ ಹತ್ತಿರ. ಸ್ಟಾಲ್ ಅದಕ್ಕಿಂತ ಮೇಲಿದ್ದರೆ ಬಲ ಚಕ್ರಕ್ಕೆ ಮುಟ್ಟುವ ಮೊದಲೇ ಆಯಿಲ್ ಕಾಯಿಸಲು ಖರ್ಚಾಗುತ್ತದೆ. ಮುಂದಿನ ಕವರ್ ಗಟ್ಟಿ ಉಕ್ಕಿನಲ್ಲಿ ಕಡೆದದ್ದು, ಒತ್ತಡಕ್ಕೆ ಬಾಗುವುದಿಲ್ಲ. ಕೆಲಸ ಮಾಡಿಕೊಟ್ಟ ಗ್ಯಾರೇಜಿನ ಯಜಮಾನರು ಆಯಿಲ್ ಒತ್ತಡ ನಿಯಂತ್ರಿಸುವ ವಾಲ್ವ್ ಬಾಡಿ ಬದಲಿಸದೆ ಬರೀ ಕನ್ವರ್ಟರ್ ಹಾಕಲು ಒಪ್ಪಲೇ ಇಲ್ಲ. ಆಯಿಲ್ ಒತ್ತಡ ಸಾಲದಿದ್ದರೆ ಮೂರು ಡಿಸ್ಕಿದ್ದರೂ ಜಾರುತ್ತವೆ ಎಂದರು. ಕೂಲರ್ ಪೈಪುಗಳನ್ನೂ ತೊಳೆದರು. ಇಲ್ಲದಿದ್ದರೆ ಹಳೆಯ ಪುಡಿಯೆಲ್ಲ ಹೊಸದಕ್ಕೇ ಸೇರುತ್ತಿತ್ತು. ಹೀಗೆ ಕೆಲಸ ಮಾಡುವವರು ನನಗೆ ತುಂಬ ಇಷ್ಟ.

ಈಗ ನಿಂತಲ್ಲಿಂದ ಹೊರಡುವಾಗಲೇ ಗಾಡಿ ಎಳೆಯುತ್ತದೆ. ಏರಿನಲ್ಲಿ ಲಾಕಪ್ ಹಿಡಿದರೆ ಬಿಡುವುದಿಲ್ಲ, ಆಯಿಲ್ ಕಾಯುವುದು ಎದ್ದು ಕಾಣುವಷ್ಟು ಕಡಿಮೆಯಾಗಿದೆ. ಲಾಕಪ್ ಹಿಡಿಯುವಾಗ ಮಾತ್ರ ಮೊದಲಿಗಿಂತ ಜೋರಾದ ಜರ್ಕ್ ಇದೆ. ಹೆಂಡತಿಗೆ ಅದು ಹಿಡಿಸಿಲ್ಲ, ನನಗೆ ತೊಂದರೆಯಿಲ್ಲ. ಕನ್ವರ್ಟರಿಗೇ ಸಾವಿರ ಡಾಲರಿನ ಮೇಲೆ, ಗೇರ್‌ಬಾಕ್ಸ್ ಇಳಿಸುವ ಕೂಲಿ ಬೇರೆ. ಚಿಪ್ ಇಲ್ಲ, ಟ್ರೇಲರ್ ಎಳೆಯುವುದಿಲ್ಲ ಎನ್ನುವವರಿಗೆ ಇದು ಬೇಡ, ಕಾರ್ಖಾನೆಯದೇ ಸಾಕು. ಹಾಕಿಸಿದವರು ಗೇರ್‌ಬಾಕ್ಸ್ ಆಯಿಲ್ ಮಟ್ಟ ನೋಡುವಾಗ ಎಂಜಿನ್ ಬಿಸಿಯಾಗಿ ಓಡುತ್ತಿರಲಿ, ಹ್ಯಾಂಡ್‌ಬ್ರೇಕ್ ಹಾಕಿ ಗೇರ್ ನ್ಯೂಟ್ರಲ್‌ನಲ್ಲಿ ಇಡಿ, ಪಾರ್ಕ್‌ನಲ್ಲಲ್ಲ. ಆಯಿಲ್ ಎಟಿಎಫ್+4 ಎಂಬ ಜಾತಿಯದು ಮಾತ್ರ.