ಗಣಿತದ ಕಲಿಕೆ ಅಳೆಯುವ ನಾಲ್ಕು ಡಿಜಿಟಲ್ ಸಾಧನಗಳು: ಅಂಕ ಕೊಡುವುದು ಬೇರೆ, ತಪ್ಪು ತೋರಿಸುವುದು ಬೇರೆ

ಪ್ರಾಥಮಿಕ ತರಗತಿಗಳ ಗಣಿತ ಮೌಲ್ಯಮಾಪನಕ್ಕೆ ಶಿಕ್ಷಕರು ಬಳಸುತ್ತಿರುವ ಡಿಜಿಟಲ್ ಸಾಧನಗಳ ಪೈಕಿ ಕಹೂಟ್, ಗೂಗಲ್ ಫಾರ್ಮ್ಸ್, ಪ್ಲಿಕರ್ಸ್ ಮತ್ತು ಸೀಸಾ ಎಂಬ ನಾಲ್ಕನ್ನು ಈ ವಿಮರ್ಶೆಗೆ ಎತ್ತಿಕೊಂಡಿದ್ದೇನೆ. ಕೊಟ್ಟ ಪ್ರಶ್ನೆಗೆ ಎಷ್ಟು ಮಕ್ಕಳು ಸರಿ ಉತ್ತರ ಬರೆದರು ಎಂಬ ಲೆಕ್ಕ ಯಾವ ಸಾಧನದಿಂದಲಾದರೂ ಸಿಕ್ಕೀತು. ಅದನ್ನೊಂದು ಹೆಚ್ಚುಗಾರಿಕೆ ಎನ್ನಬೇಕಾಗಿಲ್ಲ. ಉತ್ತರ ತಪ್ಪಿದ ಮಗು ಯಾವ ಹಂತದಲ್ಲಿ ಎಡವಿತು ಎಂಬುದನ್ನು ಮರುದಿನದ ಪಾಠಕ್ಕೆ ಮೊದಲೇ ಶಿಕ್ಷಕರಿಗೆ ತಿಳಿಸಬಲ್ಲದೇ ಎಂಬುದೇ ನಾನು ಇಟ್ಟುಕೊಂಡಿರುವ ಒರೆಗಲ್ಲು.

52ರಿಂದ 27ನ್ನು ಕಳೆಯುವ ಲೆಕ್ಕವನ್ನೇ ನೋಡೋಣ. ಸರಿ ಉತ್ತರ 25. ಆದರೆ ದಶಕಸಹಿತ ವ್ಯವಕಲನವನ್ನು ಹೊಸದಾಗಿ ಕಲಿಯುತ್ತಿರುವ ಮಕ್ಕಳಲ್ಲಿ 35 ಎಂದು ಬರೆಯುವವರು ಇದ್ದೇ ಇರುತ್ತಾರೆ. ಬಿಡಿಸ್ಥಾನದ ಎರಡರಿಂದ ಏಳನ್ನು ಕಳೆಯಲಾಗದು ಎಂದಾಗ, ಒಂದು ಹತ್ತನ್ನು ಬಿಡಿಸಿಕೊಳ್ಳುವ ಬದಲು, ಅವರು ಏಳರಿಂದಲೇ ಎರಡನ್ನು ಕಳೆದು ಐದು ಬರೆದುಬಿಡುತ್ತಾರೆ. 24 ಎಂದು ಬರೆದ ಮಗುವಿಗೆ ಬಹುಮಟ್ಟಿಗೆ ಕ್ರಮ ಗೊತ್ತಿದೆ, ಎಣಿಕೆ ತಪ್ಪಿದೆ. 79 ಎಂದು ಬರೆದದ್ದು ಚಿಹ್ನೆಯನ್ನೇ ನೋಡದೆ ಕೂಡಿದೆ. ಮೂವರಿಗೂ ಸಿಗುವುದು ಸೊನ್ನೆ ಅಂಕವೇ ಆದರೂ ಮೂವರಿಗೆ ಹೇಳಿಕೊಡಬೇಕಾದದ್ದು ಒಂದೇ ಅಲ್ಲ.

2013ರಲ್ಲಿ ಸಾರ್ವಜನಿಕ ಬಳಕೆಗೆ ಬಂದ, ನಾರ್ವೆ ಮೂಲದ ರಸಪ್ರಶ್ನೆ ಆಟವಾದ ಕಹೂಟ್ ಮಕ್ಕಳಿಗೆ ಬಹಳ ಇಷ್ಟವಾಗುತ್ತದೆ, ಅದರಲ್ಲಿ ಸಂಶಯವಿಲ್ಲ. ಆದರೆ ಅದರ ಸಾಮಾನ್ಯ ಆಟದಲ್ಲಿ ಬೇಗ ಉತ್ತರಿಸಿದವರಿಗೆ ಹೆಚ್ಚು ಅಂಕ. ನಿಧಾನವಾಗಿ, ಬೆರಳು ಮಡಿಸಿ, ಸರಿಯಾಗಿ ಲೆಕ್ಕ ಮಾಡುವ ಮಗು ಪಟ್ಟಿಯಲ್ಲಿ ಕೆಳಗೆ ಉಳಿಯುತ್ತದೆ, ಊಹಿಸಿ ಒತ್ತಿದ ಮಗು ಮೇಲೇರಬಹುದು. ಸಮಯವನ್ನು ಹೆಚ್ಚಿಸುವ, ಅಂಕವನ್ನೇ ತೆಗೆದುಹಾಕುವ ಅನುಕೂಲ ಅದರಲ್ಲಿದೆ. ಹಾಗೆ ಮಾಡಿದರೆ ಮಗ್ಗಿಯ ಪುನರಾವರ್ತನೆಗೆ ಅದು ಸಾಕು. ಅದರ ಫಲಿತಾಂಶವನ್ನು ಅಂಕಪಟ್ಟಿಗೆ ಏರಿಸುವುದನ್ನು ಮಾತ್ರ ನಾನು ಒಪ್ಪಲಾರೆ.

ಆನ್‌ಲೈನ್ ಪ್ರಶ್ನಾವಳಿ ತಯಾರಿಸಲು ಬಳಸುವ ಗೂಗಲ್ ಫಾರ್ಮ್ಸ್‌ನಲ್ಲಿ ರಸಪ್ರಶ್ನೆಯ ಸೌಲಭ್ಯ 2016ರಲ್ಲಿ ಸೇರಿತು. ಮಕ್ಕಳು ಟೈಪ್ ಮಾಡಿದ ಉತ್ತರಗಳೆಲ್ಲ ಒಂದೇ ಹಾಳೆಯಲ್ಲಿ ಸಾಲಾಗಿ ಬರುವುದರಿಂದ 35 ಎಂದು ಬರೆದವರೆಲ್ಲ ಒಮ್ಮೆಗೇ ಕಣ್ಣಿಗೆ ಬೀಳುತ್ತಾರೆ. ಭಿನ್ನರಾಶಿಗೆ ಬಂದರೆ 1/2, 2/4, 0.5 ಎಂಬ ಪ್ರತಿಯೊಂದು ರೂಪವನ್ನೂ ಸರಿ ಉತ್ತರವೆಂದು ಶಿಕ್ಷಕರೇ ಮೊದಲು ನಮೂದಿಸಿರಬೇಕು.

ಪ್ಲಿಕರ್ಸ್‌ನ ವಿಶೇಷವೆಂದರೆ ಮಕ್ಕಳ ಕೈಯಲ್ಲಿ ಯಾವ ಸಾಧನವೂ ಇರಬೇಕಾಗಿಲ್ಲ. ಪ್ರತಿ ಮಗುವಿಗೂ ತನ್ನದೇ ಸಂಖ್ಯೆಯ, ಕಪ್ಪು ಬಿಳುಪು ಆಕೃತಿಯ ಒಂದು ಕಾಗದದ ಕಾರ್ಡು. ಅದರ ನಾಲ್ಕು ಅಂಚುಗಳಲ್ಲಿ ಎ, ಬಿ, ಸಿ, ಡಿ ಎಂದು ಸಣ್ಣದಾಗಿ ಅಚ್ಚಾಗಿರುತ್ತದೆ. ತನ್ನ ಉತ್ತರದ ಅಂಚು ಮೇಲಾಗುವಂತೆ ಮಗು ಕಾರ್ಡನ್ನು ಎತ್ತಿ ಹಿಡಿದರೆ, ಶಿಕ್ಷಕರು ಫೋನಿನ ಕ್ಯಾಮೆರಾವನ್ನು ತರಗತಿಯ ಉದ್ದಕ್ಕೂ ಹಾಯಿಸಿ ಯಾರು ಏನು ಆರಿಸಿದರು ಎಂಬುದನ್ನು ದಾಖಲಿಸಿಕೊಳ್ಳುತ್ತಾರೆ. ಪಕ್ಕದ ಮಗುವಿನ ಉತ್ತರ ಕದ್ದು ನೋಡುವುದೂ ಸುಲಭವಲ್ಲ. ಪುಟ್ಟ ಕೈಗಳು ಆಕೃತಿಯ ಮೇಲೆಯೇ ಬೆರಳಿಟ್ಟರೆ ಕ್ಯಾಮೆರಾ ಓದುವುದಿಲ್ಲ. ಹೊಳೆಯುವ ಲ್ಯಾಮಿನೇಷನ್ ಮಾಡಿಸಿದರೆ ಬೆಳಕು ಪ್ರತಿಫಲಿಸಿ ಅದೇ ತೊಂದರೆ. ಇವೆಲ್ಲ ಸಣ್ಣ ಕಿರಿಕಿರಿಗಳು. ನಿಜವಾದ ಕೆಲಸವಿರುವುದು ಆಯ್ಕೆಗಳನ್ನು ಬರೆಯುವುದರಲ್ಲಿ: 25ರ ಜೊತೆ 35, 24, 79 ಎಂದು ಕೊಟ್ಟರೆ ತಪ್ಪು ಉತ್ತರವೂ ಮಾತನಾಡುತ್ತದೆ, ಮನಸ್ಸಿಗೆ ಬಂದ ಮೂರು ಸಂಖ್ಯೆಗಳನ್ನು ತುಂಬಿದರೆ ಎಷ್ಟು ಒಳ್ಳೆಯ ಸಾಧನವಾದರೂ ಏನನ್ನೂ ತಿಳಿಸದು. ಕಣ್ಣು ಮುಚ್ಚಿ ಆರಿಸಿದರೂ ನಾಲ್ಕರಲ್ಲಿ ಒಂದು ಸಲ ಸರಿಯಾಗುವ ಸಾಧ್ಯತೆ ಮಾತ್ರ ಇದ್ದೇ ಇದೆ.

ಸೀಸಾದಲ್ಲಿ ಮಗು ಪರದೆಯ ಮೇಲೆ ಬರೆಯುತ್ತಲೇ, ಚಿತ್ರ ಬಿಡಿಸುತ್ತಲೇ ತಾನು ಮಾಡುತ್ತಿರುವುದನ್ನು ತನ್ನ ದನಿಯಲ್ಲಿ ವಿವರಿಸಿ ದಾಖಲಿಸಬಹುದು. ನನ್ನ ಮಟ್ಟಿಗೆ ನಾಲ್ಕರಲ್ಲಿ ಒರೆಗೆ ನಿಲ್ಲುವುದು ಇದೇ, ಏಕೆಂದರೆ ಸರಿ ಉತ್ತರದ ಹಿಂದಿರುವ ತಪ್ಪು ತಿಳಿವಳಿಕೆಯನ್ನೂ ಇದು ಹೊರಗೆ ತರುತ್ತದೆ. 3/4 ಮತ್ತು 2/3ರಲ್ಲಿ ದೊಡ್ಡದು ಯಾವುದು ಎಂದು ಕೇಳಿದಾಗ 3/4 ಎಂದ ಮಗುವಿಗೆ ಉಳಿದ ಮೂರೂ ಸಾಧನಗಳು ಪೂರ್ತಿ ಅಂಕ ಕೊಡುತ್ತವೆ. "ಮೂರು ಎರಡಕ್ಕಿಂತ ದೊಡ್ಡದು, ನಾಲ್ಕು ಮೂರಕ್ಕಿಂತ ದೊಡ್ಡದು, ಅದಕ್ಕೇ" ಎಂಬ ವಿವರಣೆ ಕೇಳಿದ ಮೇಲಷ್ಟೇ, ಇದೇ ಮಗು 1/2ಕ್ಕಿಂತ 2/5 ದೊಡ್ಡದು ಎಂದೂ ಹೇಳೀತು ಎಂಬುದು ಗೊತ್ತಾಗುತ್ತದೆ. ಶಿಕ್ಷಕರು ಪ್ರಶ್ನೆಯನ್ನು ತಮ್ಮ ದನಿಯಲ್ಲಿ ಸೇರಿಸಲೂ ಅವಕಾಶವಿದೆ. ಓದುವುದು ಇನ್ನೂ ಕಷ್ಟವಾಗಿರುವ ಮಗುವಿನ ಗಣಿತವನ್ನು ಅದರ ಓದಿನಿಂದ ಬೇರ್ಪಡಿಸಿ ನೋಡಲು ಇದು ಬಹಳ ಉಪಯುಕ್ತ, ವಾಕ್ಯರೂಪದ ಲೆಕ್ಕಗಳಲ್ಲಂತೂ ಅಗತ್ಯವೇ.

ಆದರೆ ಮೂವತ್ತು ಮಕ್ಕಳು ತಲಾ ಒಂದು ನಿಮಿಷ ಮಾತನಾಡಿದರೂ ಕೇಳಲು ಅರ್ಧ ಗಂಟೆ ಬೇಕು, ಅದೂ ಒಂದೇ ಪ್ರಶ್ನೆಗೆ. ಆದ್ದರಿಂದ ಮೊದಲು ಕಾರ್ಡುಗಳಿಂದ ಇಡೀ ತರಗತಿಯನ್ನು ನೋಡಿ, 35 ಆರಿಸಿದವರಿಂದಲೂ ಸರಿ ಉತ್ತರ ಕೊಟ್ಟವರಲ್ಲಿ ಇಬ್ಬರು ಮೂವರಿಂದಲೂ ಮಾತ್ರ ವಿವರಣೆ ಕೇಳುವುದು ಕಾರ್ಯಸಾಧ್ಯ. ಮಕ್ಕಳ ದನಿ ದಾಖಲಾಗುವುದರಿಂದ ಪೋಷಕರ ಒಪ್ಪಿಗೆಯನ್ನು ಮೊದಲೇ ಪಡೆದಿರಬೇಕು, ಆ ದಾಖಲೆಗಳನ್ನು ಯಾರು ನೋಡಬಹುದು, ಯಾವಾಗ ಅಳಿಸಲಾಗುವುದು ಎಂಬುದನ್ನೂ ಅವರಿಗೆ ತಿಳಿಸಿರಬೇಕು.