ಜಗಳೂರು ಕಡೆ ಹಳ್ಳಿಯಲ್ಲಿ ಬೇಸಿಗೆ ರಜೆಯ ಸೇವೆ: ಹೋಗಬಹುದಾ, ಮಕ್ಕಳನ್ನು ಕಳಿಸಬಹುದಾ?

ಮೊದಲೇ ಹೇಳಿಬಿಡುತ್ತೇನೆ, ಹೋಗಬಹುದು. ಐದಕ್ಕೆ ನಾಲ್ಕು ಕೊಡುತ್ತೇನೆ. ಆ ನಾಲ್ಕರಲ್ಲಿ ಹೆಚ್ಚು ಪಾಲು ಆ ಊರಲ್ಲಿ ವರ್ಷವಿಡೀ ಇರುವ ಮಿಷನರಿ ಅಣ್ಣ, ಅಕ್ಕ ಇಬ್ಬರಿಗೆ ಸೇರಬೇಕು. ರಜೆಯಲ್ಲಿ ದಾವಣಗೆರೆಯಿಂದ ಹೋಗಿ ಬರುವ ನಮ್ಮಂಥವರಿಗಲ್ಲ.

ಗೊತ್ತಿಲ್ಲದವರಿಗೆ ಹೇಳಬೇಕಂದರೆ, ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಬಿದ್ದ ಮೇಲೆ ನಮ್ಮ ಕಡೆಯ ಚರ್ಚ್ ಸಭೆಗಳವರು ಹಳ್ಳಿಗಳಲ್ಲಿ ಮಕ್ಕಳ ಶಿಬಿರ ಮಾಡುತ್ತಾರೆ. ವಿಬಿಎಸ್ ಅಂತಾರಲ್ಲ, ರಜೆಯ ಬೈಬಲ್ ಶಾಲೆ, ಅದೇ. ಊರಲ್ಲಿರುವ ಮಿಷನರಿ ಕುಟುಂಬ ಅದನ್ನು ನಡೆಸುತ್ತದೆ, ಪಟ್ಟಣದಿಂದ ಹೋದ ತಂಡ ಕೈಜೋಡಿಸುತ್ತದೆ. ಊಟ, ವಸತಿ ಖರ್ಚಿಗೆ ಅಂತ ನಾವು ಒಬ್ಬೊಬ್ಬರು 1,200 ರೂಪಾಯಿ ಕೊಟ್ಟೆವು. ಹಳ್ಳಿ ಮಕ್ಕಳಿಗೆ ಫೀಸ್ ಏನೂ ಇಲ್ಲ. ನಾನು ಸಂಡೇ ಸ್ಕೂಲ್ ಟೀಚರ್. ಜೊತೆಗೆ ಡಿಗ್ರಿ ಓದುವ ಮಗಳೂ ಬಂದಿದ್ದಳು. ಊರಿನ ಹೆಸರು, ಅಣ್ಣ ಅಕ್ಕನ ಹೆಸರು ಇಲ್ಲಿ ಹಾಕುವುದಿಲ್ಲ, ಅವರಿಗೆ ಅದು ಇಷ್ಟವಿಲ್ಲ.

ಜಗಳೂರು 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚಿತ್ರದುರ್ಗದಿಂದ ನಮ್ಮ ಕಡೆಗೆ ಬಂದ ತಾಲೂಕು. ಭದ್ರಾ ನಾಲೆ, ಗದ್ದೆ, ತೋಟ ನೋಡಿ ಬೆಳೆದವರಿಗೆ ಅಲ್ಲಿಗೆ ಹೋದರೆ ಬೇರೆ ಸೀಮೆಗೇ ಬಂದ ಹಾಗಾಗುತ್ತದೆ. ಮೆಕ್ಕೆಜೋಳ, ಶೇಂಗಾ, ಈರುಳ್ಳಿ, ಎಲ್ಲವೂ ಮಳೆ ನಂಬಿಕೊಂಡೇ. ಬೇಸಿಗೆಯಲ್ಲಿ ಒಂದು ಮಳೆ ಬಿದ್ದರೆ ಸಾಕು, ಅಪ್ಪ ಅಮ್ಮ ಇಬ್ಬರೂ ಹೊಲಕ್ಕೆ ಹೋಗುತ್ತಾರೆ. ಮಳೆ ಬೀಳದಿದ್ದರೆ ಗುಳೆ ಹೋಗುತ್ತಾರೆ. ಎರಡರಲ್ಲೂ ಮಕ್ಕಳು ಅಜ್ಜಿ ಜೊತೆ ಉಳಿಯುತ್ತವೆ, ಇಲ್ಲ ಕುರಿ ಹಿಂದೆ ಹೋಗುತ್ತವೆ. ದಾವಣಗೆರೆಯಲ್ಲಿ ನಮ್ಮ ಮಕ್ಕಳಿಗೆ ಈಜು, ಚಿತ್ರಕಲೆ, ಕರಾಟೆ ಅಂತ ದುಡ್ಡು ಕೊಟ್ಟರೆ ಎಷ್ಟು ಬೇಕಾದರೂ ಬೇಸಿಗೆ ಶಿಬಿರ ಸಿಗುತ್ತವೆ. ಅಲ್ಲಿ ರಜೆ ಅಂದರೆ ಶಾಲೆಯ ಆಟವೂ ಇಲ್ಲ, ಬಿಸಿಯೂಟವೂ ಇಲ್ಲ. 2024ರ ಬರದಲ್ಲಿ ಸರ್ಕಾರ ಬರಪೀಡಿತ ತಾಲೂಕುಗಳಲ್ಲಿ ರಜೆಯಲ್ಲೂ ಬಿಸಿಯೂಟ ಹಾಕಿಸಿತ್ತು. ಯಾಕೆ ಹಾಕಿಸಿತು ಅನ್ನುವುದು ಅಲ್ಲಿ ಹೋಗಿ ನೋಡಿದರೆ ಗೊತ್ತಾಗುತ್ತದೆ.

ಈ ರಜೆಯ ಶಾಲೆ ಶುರುವಾದದ್ದೂ ಇಂಥ ಮಕ್ಕಳಿಗೋಸ್ಕರವೇ. 1898ರಲ್ಲಿ ನ್ಯೂಯಾರ್ಕಿನಲ್ಲಿ ಎಲೈಜಾ ಹಾವ್ಸ್ ಎಂಬ ಹೆಣ್ಣುಮಗಳು, ರಜೆಯಲ್ಲಿ ಬೀದಿಯಲ್ಲಿ ಅಲೆಯುತ್ತಿದ್ದ ಬಡ ಮಕ್ಕಳನ್ನು ನೋಡಲಾಗದೆ, ಬೇರೆ ಜಾಗ ಸಿಗದೆ ಒಂದು ಬಿಯರ್ ಅಂಗಡಿಯ ಹಾಲ್ ಬಾಡಿಗೆಗೆ ಹಿಡಿದು ಹಾಡು, ಕಥೆ, ಕೈಕೆಲಸ ಕಲಿಸಿದರು. ಈಗ ನಮ್ಮ ಪಟ್ಟಣದ ದೊಡ್ಡ ಚರ್ಚುಗಳಲ್ಲಿ ವಿಬಿಎಸ್ ಅಂದರೆ ಟೀಶರ್ಟು, ಸ್ಟೇಜು, ದೊಡ್ಡ ಸೌಂಡ್ ಸಿಸ್ಟಮ್. ಅದೂ ಚೆನ್ನಾಗಿಯೇ ಇರುತ್ತದೆ, ಬೇಡ ಅನ್ನುವುದಿಲ್ಲ. ಆದರೆ ಅದರ ಅವಶ್ಯಕತೆ ಜಾಸ್ತಿ ಇರುವುದು ಇಂಥ ಹಳ್ಳಿಗಳಲ್ಲಿ ಅಂತ ನನಗೆ ಖಂಡಿತವಾಗಿ ಅನಿಸಿತು.

ಈಗ ಆ ಅಣ್ಣ ಅಕ್ಕನ ಬಗ್ಗೆ. ಮಿಷನರಿ ಅಂದರೆ ಬಿಳಿ ಅಂಗಿ ಹಾಕಿಕೊಂಡು ಬೋಧನೆ ಮಾಡುವವರು ಅಂತ ನನ್ನ ಮಗಳು ಅಂದುಕೊಂಡಿದ್ದಳು. ಮೊದಲ ದಿನ ಬೆಳಗ್ಗೆ ಐದೂವರೆಗೆ ಅಣ್ಣ ಬೈಕಿನಲ್ಲಿ ಒಬ್ಬ ಅಜ್ಜನನ್ನು ಕೂರಿಸಿಕೊಂಡು ತಾಲೂಕು ಆಸ್ಪತ್ರೆಗೆ ಹೊರಟಿದ್ದರು. ಹಾಗಾಗಿ ಆವತ್ತು ಶಿಬಿರ ತಡವಾಗಿ ಶುರುವಾಯಿತು. ನಮ್ಮ ತಂಡದ ಹುಡುಗರು ಟೈಮ್ ಟೇಬಲ್ ಹಿಡಿದುಕೊಂಡು ಒದ್ದಾಡಿದರು. ಅಕ್ಕ ಮಾತ್ರ ಆರಾಮಾಗಿ ಮಕ್ಕಳನ್ನು ಬೇವಿನ ಮರದ ಕೆಳಗೆ ಕೂರಿಸಿಕೊಂಡು ಒಗಟು ಹೇಳಿಸುತ್ತಿದ್ದರು. ರೇಷನ್ ಕಾರ್ಡ್ ತಿದ್ದುಪಡಿಗೆ ಅರ್ಜಿ ಬರೆದುಕೊಡುವುದು, ಹೆರಿಗೆಗೆ 108 ಕರೆಸುವುದು, ಯಾರ ಮನೆಯಲ್ಲಾದರೂ ಸಾವಾದರೆ ಹೋಗಿ ಕೂರುವುದು, ಕುಡಿದು ಗಲಾಟೆ ಮಾಡುವ ಗಂಡನ ಹತ್ತಿರ ಮಾತಾಡುವುದು, ಇದೇ ಅವರ ದಿನ. ಭಾನುವಾರದ ಆರಾಧನೆಗೆ ಬರುವ ಮನೆಗಳು ಕೈಬೆರಳಲ್ಲಿ ಎಣಿಸುವಷ್ಟು. ಆದರೆ ಅವರ ಮನೆ ಬಾಗಿಲಿಗೆ ಬರದ ಮನೆ ಆ ಊರಲ್ಲಿ ಕಡಿಮೆ. ಅವರಿಗೆ ಬರುವ ಸಹಾಯಧನ ಎಷ್ಟು ಅಂತ ಕೇಳಿದ ಮೇಲೆ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಮಕ್ಕಳ ಓದಿಗೆ, ಔಷಧಿಗೆ, ಪೆಟ್ರೋಲಿಗೆ ಅದರಲ್ಲೇ ಆಗಬೇಕು. ಅವರನ್ನು ಕಳಿಸಿದವರು ಇದನ್ನು ಯೋಚಿಸಬೇಕು. ಅವರಿಗೆ ಪ್ರಾರ್ಥನೆಯೊಂದೇ ಸಾಲದು, ತಿಂಗಳು ತಪ್ಪದೆ ದುಡ್ಡೂ ಹೋಗಬೇಕು.

ಒಂದೇ ಕಡೆ ವರ್ಷಗಟ್ಟಲೆ ಇದ್ದವರಿಂದಲೇ ಕೆಲಸ ಆಗಿರುವುದು ಅಲ್ವಾ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ನಮ್ಮ ಪಕ್ಕದ ಬಳ್ಳಾರಿಗೆ ಬಂದದ್ದು 1810ರಲ್ಲಿ. ಅವರು ಮತ್ತು ಜೊತೆಗಾರರು ಕೂತು ಮಾಡಿದ ಕನ್ನಡ ಬೈಬಲ್ ಪೂರ್ತಿಯಾಗಿ ಹೊರಗೆ ಬರುವಷ್ಟರಲ್ಲಿ 1831 ಆಗಿತ್ತು. ಕಿಟ್ಟೆಲ್ 1853ರಲ್ಲಿ ಬಂದರು, ಅವರ ನಿಘಂಟು ಅಚ್ಚಾದದ್ದು 1894ರಲ್ಲಿ. ಒಂದು ವಾರದ ರಜೆಗೆ ಹೋದ ನಾವು ಊರನ್ನೇ ಬದಲಾಯಿಸಿ ಬರುತ್ತೇವೆ ಅಂತ ಹೊರಟರೆ ಆಗುವುದಿಲ್ಲ. ಅಲ್ಲಿರುವವರ ಕೈಗೆ ಸ್ವಲ್ಪ ಬಲ ಕೊಟ್ಟು ಬರಬಹುದು, ಅಷ್ಟೇ.

ಶಿಬಿರ ನಡೆಯುವುದು ಬೆಳಗ್ಗೆ ಎಂಟರಿಂದ ಹನ್ನೊಂದೂವರೆ, ಮತ್ತೆ ಸಂಜೆ ನಾಲ್ಕೂವರೆ ಮೇಲೆ ಆಟ. ನಡುವೆ ಬಿಸಿಲಲ್ಲಿ ಯಾರೂ ಹೊರಗೆ ಬರಬಾರದು ಅನ್ನುವುದು ಅಕ್ಕನ ಕಟ್ಟಪ್ಪಣೆ, ತುಂಬಾ ಸರಿಯಾದ ನಿಯಮ. ತಗಡಿನ ಚಾವಣಿಯ ಸಭಾಮಂದಿರ ಹತ್ತು ಗಂಟೆಗೇ ಕಾದು ಹೋಗುತ್ತದೆ, ಮೇಲೆ ತೆಂಗಿನ ಗರಿ ಹೊದಿಸಿದ್ದರೂ ಕೂರಲಾಗುವುದಿಲ್ಲ. ಆದ್ದರಿಂದ ಕಥೆ, ಹಾಡು ಎಲ್ಲ ಮರದ ಕೆಳಗೇ. ಸಂಜೆ ಲಗೋರಿ, ಖೋಖೋ, ಕುಂಟೆಬಿಲ್ಲೆ. ಹೆಣ್ಣುಮಕ್ಕಳು ಖೋಖೋದಲ್ಲಿ ನಮ್ಮ ಹುಡುಗರನ್ನು ಸುಸ್ತು ಮಾಡಿಬಿಟ್ಟರು.

ಕಳೆದುಹೋದ ಕುರಿಯ ಕಥೆ ಹೇಳಿದ ದಿನವನ್ನು ಬರೆಯಲೇಬೇಕು. ಲೂಕನ ಸುವಾರ್ತೆಯಲ್ಲಿ ಬರುತ್ತದಲ್ಲ, ನೂರು ಕುರಿ ಇರುವವನು ತೊಂಬತ್ತೊಂಬತ್ತನ್ನು ಅಡವಿಯಲ್ಲಿ ಬಿಟ್ಟು ಒಂದನ್ನು ಹುಡುಕಿಕೊಂಡು ಹೋಗುವುದು. ನಮ್ಮ ತಂಡದ ಹುಡುಗಿ ಬಣ್ಣದ ಚಿತ್ರ ತೋರಿಸಿ ಚೆನ್ನಾಗಿಯೇ ಹೇಳುತ್ತಿದ್ದಳು. ಕುರಿ ಕಾಯುವ ಮನೆಯ ಹುಡುಗನೊಬ್ಬ ಎದ್ದು ನಿಂತು, 'ಮಿಸ್, ಉಳಿದ ಕುರಿ ಯಾರು ಕಾಯ್ತಾರೆ? ತೋಳ ಬಂದ್ರೆ?' ಅಂದ. ಅವಳಿಗೆ ಏನು ಹೇಳಬೇಕೋ ತೋಚಲಿಲ್ಲ. ಆ ಕಡೆ ತೋಳ ಅಂದರೆ ಕಥೆಯ ಪ್ರಾಣಿಯಲ್ಲ, ಮನೆಯ ನಷ್ಟ. ಅಕ್ಕ ಮುಂದೆ ಬಂದು, 'ನಿಮ್ಮ ಮನೇಲಿ ಮರಿ ಕಳೆದ್ರೆ ಏನ್ ಮಾಡ್ತೀರಪ್ಪ?' ಅಂತ ಅವನನ್ನೇ ಕೇಳಿದರು. 'ನಮ್ ಮಾವ ಇರ್ತಾನಲ್ಲ, ಅವ್ನಿಗೆ ನೋಡ್ಕ ಅಂತ ಹೇಳಿ ಅಪ್ಪ ಹೋಗ್ತಾನೆ. ಕತ್ಲಾದ್ರೆ ಎಲ್ಲಾನೂ ರೊಪ್ಪಕ್ಕೆ ಹಾಕಿ ಆಮೇಲೆ ಹುಡುಕ್ತಾರೆ' ಅಂದ. ಆಮೇಲೆ ಉಳಿದವರೂ ಶುರು ಮಾಡಿದರು. ಮರಿಯ ಕೂಗು ತಾಯಿ ಕುರಿಗೆ ಹೇಗೆ ಗೊತ್ತಾಗುತ್ತದೆ, ಕಾಲು ಮುರಿದ ಮರಿಯನ್ನು ಹೇಗೆ ಹೊರುತ್ತಾರೆ, ರಾತ್ರಿ ಯಾರು ಎಚ್ಚರ ಇರುತ್ತಾರೆ. ಆ ಕಥೆಯನ್ನು ನಾನು ಎಷ್ಟೋ ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ. ಕುರಿ ಸಿಕ್ಕಿದ ಮೇಲೆ ಅವನು ಗೆಳೆಯರನ್ನು, ನೆರೆಯವರನ್ನು ಕರೆದು ಖುಷಿಪಡುತ್ತಾನೆ ಅಂತ ಕೊನೆಯಲ್ಲಿ ಇದೆಯಲ್ಲ, ಅದು ಯಾಕೆ ಇದೆ ಅಂತ ಆ ಮಕ್ಕಳಿಂದ ಅರ್ಥವಾಯಿತು. ಅವರ ಮನೆಗಳಲ್ಲಿ ಹುಡುಕುವುದು ಒಬ್ಬನ ಕೆಲಸವೇ ಅಲ್ಲ.

ಒಂದು ಅಂಕ ಎಲ್ಲಿ ಹೋಯಿತು ಅಂದರೆ, ಪುಸ್ತಕಕ್ಕೆ ಮತ್ತು ಹಾಡಿಗೆ. ತಂಡಕ್ಕೆ ಕೊಟ್ಟಿದ್ದ ಪಾಠದ ಕಿಟ್ ದೊಡ್ಡ ಪ್ರಕಾಶನದವರದು, ಹೆಸರು ಬೇಡ. ಬಣ್ಣ, ಕಾಗದ ಎಲ್ಲ ಚೆನ್ನಾಗಿದೆ. ಆದರೆ ಚಿತ್ರಗಳಲ್ಲಿ ಹಿಮ, ಬೆಟ್ಟದ ಮೇಲೆ ಚೂಪು ಮರಗಳು, ಮಕ್ಕಳ ಮೈಮೇಲೆ ಸ್ವೆಟರ್. ಉರಿಬಿಸಿಲಲ್ಲಿ ಕೂತ ಮಕ್ಕಳ ಮುಂದೆ ಅದನ್ನು ಹಿಡಿದರೆ ಹೇಗಿರುತ್ತದೆ ಹೇಳಿ. ಕೈಕೆಲಸಕ್ಕೆ ಬೇಕಾದ ಸಾಮಾನುಗಳ ಪಟ್ಟಿ ನೋಡಿದರೆ ದಾವಣಗೆರೆಯ ಅಂಗಡಿಗಳಲ್ಲೇ ಅರ್ಧ ಸಿಗಲಿಲ್ಲ. ಕೊನೆಗೆ ಮೆಕ್ಕೆಜೋಳದ ದಿಂಡು, ತೆಂಗಿನ ಗರಿ, ಜೇಡಿಮಣ್ಣಲ್ಲಿ ಮಾಡಿಸಿದೆವು. ರಂಗಯ್ಯನದುರ್ಗದ ಕಾಡು ಅದೇ ತಾಲೂಕಿನಲ್ಲಿದೆ, ನಾಲ್ಕು ಕೊಂಬಿನ ಕೊಂಡುಕುರಿಗೆ ಅಂತಲೇ ಇರುವ ವನ್ಯಧಾಮ. ನೋಹನ ನಾವೆಗೆ ಪ್ರಾಣಿ ಮಾಡಿ ಅಂದಾಗ ಮಕ್ಕಳು ಜಿರಾಫೆ ಬಿಟ್ಟು ಕೊಂಡುಕುರಿ ಜೋಡಿ ಮಾಡಿಟ್ಟರು, ನಾಲ್ಕು ಕೊಂಬೂ ಸರಿಯಾಗಿ.

ಹಾಡುಗಳೂ ಹಾಗೇ. ಹೊರಗಿನ ಧಾಟಿ, ಓಟದ ವೇಗ, ಮಕ್ಕಳು ಕೈ ಕಾಲು ಆಡಿಸುತ್ತಾರೆ, ಬಾಯಿ ಆಡುವುದಿಲ್ಲ. ಅಣ್ಣ ಒಂದು ಸಂಜೆ ಭಜನೆ ಧಾಟಿಯಲ್ಲಿ ತಾವೇ ಕಟ್ಟಿದ ಹಾಡು ಹಿಡಿದರು, ತಾಳ ತಟ್ಟಿಕೊಂಡು. ಎರಡನೇ ಸಾಲಿಗೇ ಅಜ್ಜಿಯರೂ ಸೇರಿಕೊಂಡರು, ಹೆಣ್ಣುಮಕ್ಕಳು ಕೋಲು ತಂದು ಕೋಲಾಟಕ್ಕೆ ನಿಂತರು. ಇದೇನು ಹೊಸ ವಿಷಯವಲ್ಲ. ಕಿಟ್ಟೆಲ್ಲರು 1862ರಲ್ಲೇ ಯೇಸುವಿನ ಜೀವನವನ್ನು ಕನ್ನಡದ ಛಂದಸ್ಸಿನಲ್ಲಿ ಕಾವ್ಯವಾಗಿ ಬರೆದಿದ್ದರು. ಜರ್ಮನಿಯಿಂದ ಬಂದವರಿಗೆ ಆಗ ಹೊಳೆದದ್ದು ಇಲ್ಲೇ ಹುಟ್ಟಿದ ನಮಗೆ ಈಗ ಯಾಕೆ ಹೊಳೆಯುತ್ತಿಲ್ಲ? ಮುಂದಿನ ಸಲ ಹೋಗುವ ತಂಡದವರು ದಯವಿಟ್ಟು ಸ್ಪೀಕರ್ ಮನೆಯಲ್ಲಿ ಬಿಟ್ಟು ತಬಲವೋ ದಮ್ಮಡಿಯೋ ತೆಗೆದುಕೊಂಡು ಹೋಗಿ.

ವಾಕ್ಯ ಬಾಯಿಪಾಠ ಒಪ್ಪಿಸಿದವರಿಗೆ ಬಹುಮಾನ ಕೊಡುವ ಪದ್ಧತಿಯೂ ನನಗೆ ಸರಿ ಬರಲಿಲ್ಲ. ಓದಲು ಕಷ್ಟಪಡುವ ಮಕ್ಕಳು ಹಿಂದೆ ಸರಿದು ಕೂತುಬಿಡುತ್ತವೆ. ಎಲ್ಲರಿಗೂ ಒಂದೊಂದು ನೋಟ್‌ಬುಕ್ಕು, ಪೆನ್ನು ಕೊಟ್ಟರೆ ಜೂನ್‌ನಲ್ಲಿ ಶಾಲೆಗಾದರೂ ಆಗುತ್ತದೆ.

ತುಂಬಾ ಜನ ಕೇಳುವ ಪ್ರಶ್ನೆ, ಬೇರೆ ಧರ್ಮದ ಮನೆಗಳ ಮಕ್ಕಳು ಬರುತ್ತಾರಾ, ತಕರಾರು ಇಲ್ವಾ ಅಂತ. ಬರುತ್ತಾರೆ. ಆದರೆ ಅಣ್ಣ ಶಿಬಿರಕ್ಕೆ ಮೊದಲೇ ಮನೆ ಮನೆಗೆ ಹೋಗಿ, ಇಲ್ಲಿ ಆಟ ಇದೆ, ಬೈಬಲ್ ಕಥೆ ಇದೆ, ಪ್ರಾರ್ಥನೆ ಇದೆ, ನೀವು ಒಪ್ಪಿದರೆ ಮಾತ್ರ ಕಳಿಸಿ ಅಂತ ಬಾಯಿಬಿಟ್ಟು ಹೇಳಿ ಬಂದಿರುತ್ತಾರೆ. ಕೆಲವು ಮನೆಯವರು ಸಂಜೆ ಆಟಕ್ಕೆ ಮಾತ್ರ ಕಳಿಸುತ್ತಾರೆ, ಅದಕ್ಕೂ ಸಂತೋಷ. ಪಂಚಾಯಿತಿಯವರಿಗೂ ಗೊತ್ತು, ಶಾಲೆಯ ಮೇಷ್ಟ್ರಿಗೂ ಗೊತ್ತು. ಹಿಂದೆ ಬಂದಿದ್ದ ಬೇರೊಂದು ತಂಡದವರು ತಂದೆತಾಯಿಯನ್ನು ಕೇಳದೆ ಮಕ್ಕಳ ಫೋಟೋ, ವಿಡಿಯೋ ತೆಗೆದು ಎಲ್ಲೆಲ್ಲೋ ಹಾಕಿದ್ದರಂತೆ. ಆ ಬೇಸರ ತೊಳೆಯಲು ಅಕ್ಕನಿಗೆ ಬಹಳ ದಿನ ಹಿಡಿಯಿತು. ಈಗ ಶಿಬಿರದಲ್ಲಿ ಫೋನ್ ಒಳಗಿಡಬೇಕು. ನಮ್ಮ ಹುಡುಗರು ಮುಖ ಸಣ್ಣ ಮಾಡಿದರು, ಆದರೂ ನಾನು ಅಕ್ಕನ ಕಡೆಗೇ. ಮಗುವಿನ ಬಡತನವನ್ನು ನಮ್ಮ ಸೇವೆಯ ಸಾಕ್ಷಿ ಮಾಡಬಾರದು.

ವಸತಿ ಸಾಧಾರಣ. ಹೆಂಗಸರು ಮನೆಯೊಳಗೆ, ಹುಡುಗರು ಮಂದಿರದಲ್ಲಿ ಚಾಪೆ ಮೇಲೆ. ಶೌಚಾಲಯ ಒಂದೇ, ಚೊಕ್ಕವಾಗಿದೆ. ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗುವುದಿಲ್ಲ. ಊಟ ಮಾತ್ರ ಹತ್ತಕ್ಕೆ ಹತ್ತು. ಬೆಳಗ್ಗೆ ಒಗ್ಗರಣೆ ಮಂಡಕ್ಕಿ, ಜೊತೆಗೆ ಯಾರ ಮನೆಯಿಂದಲೋ ಬಂದ ಮಿರ್ಚಿ. ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆ. ರಾತ್ರಿ ಜೋಳದ ರೊಟ್ಟಿ, ಶೇಂಗಾ ಚಟ್ನಿ. ನಾಲಿಗೆ ಚಪಲ ಇರುವವರು ಬೆಣ್ಣೆ ದೋಸೆ ನೆನಪು ಬಿಟ್ಟು ಹೋಗಬೇಕು.

ನೀರಿನ ವಿಷಯ ಗಂಭೀರ. ಆ ಸೀಮೆಯ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಸಮಸ್ಯೆ ಇದೆ. ಲೀಟರಿಗೆ 1.5 ಮಿಲಿಗ್ರಾಂ ಮೇಲೆ ಹೋದರೆ ಕುಡಿಯಲು ಯೋಗ್ಯವಲ್ಲ ಅಂತ ಮಿತಿ ಇದೆ, ಮತ್ತೆ ಫ್ಲೋರೈಡ್ ಕುದಿಸಿದರೆ ಹೋಗುವುದಿಲ್ಲ, ಹೆಚ್ಚಾಗುತ್ತದೆ. ಶುದ್ಧ ನೀರಿನ ಘಟಕದಿಂದ ನಾಣ್ಯ ಹಾಕಿ ತಂದ ಕ್ಯಾನ್ ನೀರನ್ನೇ ಕುಡಿಯಿರಿ, ಅಡುಗೆಗೂ ಅದೇ. ಹಲ್ಲು ಕಂದಿದ ಮಕ್ಕಳನ್ನು ನೋಡಿದಾಗ ತಂಬಾಕು ತಿಂತಾರಾ ಅಂತ ಕೇಳಬೇಡಿ, ಅದು ನೀರಿನಿಂದ ಆದದ್ದು. ರಾತ್ರಿ ಹೊರಗೆ ಹೋಗುವಾಗ ಟಾರ್ಚ್, ಕಾಲಿಗೆ ಮುಚ್ಚಿದ ಚಪ್ಪಲಿ ಇರಲಿ. ಹಾವು ಕಚ್ಚಿದರೆ ಕಟ್ಟುವುದು, ಕೊಯ್ಯುವುದು ಯಾವುದೂ ಬೇಡ. ಕೈಕಾಲು ಅಲ್ಲಾಡದ ಹಾಗೆ ಮಲಗಿಸಿ ನೇರ ಆಸ್ಪತ್ರೆಗೆ ಕರೆದೊಯ್ಯಬೇಕು. ಅಣ್ಣ ಇದನ್ನು ಮೊದಲ ರಾತ್ರಿಯೇ ಎಲ್ಲರಿಗೂ ಹೇಳಿಕೊಡುತ್ತಾರೆ, ಊರಿನ ಮಕ್ಕಳಿಗೂ ಹೇಳಿಕೊಟ್ಟಿದ್ದಾರೆ. ಓಆರ್‌ಎಸ್ ಪೊಟ್ಟಣ ಜಾಸ್ತಿ ಇಟ್ಟುಕೊಳ್ಳಿ, ಕೆಲಸಕ್ಕೆ ಬಂದೇ ಬರುತ್ತದೆ.

ಹದಿನೆಂಟು ದಾಟಿದ, ಮನೆಯಲ್ಲಿ ಒಂದಿಷ್ಟು ಕೆಲಸ ಮಾಡಿ ಗೊತ್ತಿರುವ ಹುಡುಗ ಹುಡುಗಿಯರನ್ನು ಧೈರ್ಯವಾಗಿ ಕಳಿಸಿ. ಚಿಕ್ಕವರು ಅಪ್ಪ ಅಮ್ಮನ ಜೊತೆ ಬರಲಿ. ಬೋಧನೆ ಮಾಡುವ ಆಸೆಯೊಂದೇ ಇದ್ದು ಪಾತ್ರೆ ತೊಳೆಯಲು ಮನಸ್ಸಿಲ್ಲದವರು ಸದ್ಯಕ್ಕೆ ಬೇಡ, ಅಕ್ಕನಿಗೆ ಈಗಲೇ ಕೆಲಸ ಸಾಕಷ್ಟಿದೆ. ನನ್ನ ಮಗಳು ಅಲ್ಲಿ ಹೆಚ್ಚು ಹೊತ್ತು ಕಳೆದದ್ದು ಏಳನೇ ಕ್ಲಾಸಿನ ಹುಡುಗಿಗೆ ಗಣಿತ ಹೇಳಿಕೊಡುವುದರಲ್ಲಿ. ಈಗಲೂ ಭಾನುವಾರ ಸಂಜೆ ಫೋನಿನಲ್ಲಿ ಪಾಠ ನಡೆಯುತ್ತಿದೆ.

ದಸರಾ ರಜೆಯಲ್ಲಿ ಮೂರು ದಿನದ ಚಿಕ್ಕ ಶಿಬಿರ ಇರುತ್ತದೆ, ಬಿಸಿಲು ಕಡಿಮೆ, ಮೊದಲ ಸಲ ಹೋಗುವವರಿಗೆ ಅದೇ ಒಳ್ಳೆಯದು. ಹೊರಡುವ ಮುಂಚೆ ಏನು ಬೇಕು ಅಂತ ಅವರನ್ನೇ ಕೇಳಿ, ನಿಮಗೆ ತೋಚಿದ್ದನ್ನು ಹೊತ್ತುಕೊಂಡು ಹೋಗಬೇಡಿ. ಹಳೆ ಬಟ್ಟೆ ಅವರ ಮನೆಯಲ್ಲಿ ಈಗಾಗಲೇ ಮೂಟೆಗಟ್ಟಲೆ ಬಿದ್ದಿದೆ. ಈ ಸಲ ಅಕ್ಕ ಕೇಳಿರುವುದು ಕಾಲಲ್ಲಿ ತುಳಿಯುವ ಒಂದು ಹೊಲಿಗೆ ಮಿಷನ್, ಏಳನೇ ಮತ್ತು ಎಂಟನೇ ಕ್ಲಾಸಿನ ಹಳೆಯ ಗೈಡುಗಳು, ಮತ್ತೆ ಒಂದು ಒಳ್ಳೆ ಖೋಖೋ ಕಂಬದ ಜೋಡಿ.